ಅಪ್ಪಣೆ ಬೇಕಿಲ್ಲದ ಕಟ್ಟೆ

ಸೋಮಾರಿಯಾಗಿರುವುದಕ್ಕೂ ಬುದ್ಧಿ ಬೇಕು. ಅದು ನನ್ನಲ್ಲಿ ಧಾರಾಳವಾಗಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಕ್ಕರೆ ಕಾಯಿಲೆಗೆ ನಡಿಗೆಯೇ ಮದ್ದು ಎಂದು ಡಾಕ್ಟರು ಹೇಳಿದ ಮೇಲೆ ಮಗಳು ನನ್ನ ಫೋನಿಗೊಂದು ಆಟ ಹಾಕಿಕೊಟ್ಟಳು. ಊರಿನ ಗುರುತಿನ ಜಾಗಗಳಿಗೆ ನಡೆದು ಹೋದರೆ ಅದರಲ್ಲಿ ಬಹುಮಾನ ಸಿಗುತ್ತದೆ. ಮಸ್ಕಿಯಲ್ಲಿರುವ ನನ್ನ ಭಾವಮೈದುನ ಅಲ್ಲಿನ ಅಶೋಕ ಚಕ್ರವರ್ತಿಯ ಶಾಸನದ ಹತ್ತಿರ ನಿಂತು ಗಳಿಸುತ್ತಾನೆ; ಲಿಂಗಸುಗೂರಿಗೆ ಹೋದರೆ ಬಸ್ಸಿನ ಕಿಟಕಿಯಲ್ಲೇ ಕೂತು ಒಂದೆರಡು ಬಾಚಿಕೊಳ್ಳುತ್ತಾನೆ. ಸಿಂಧನೂರಿನ ನಮ್ಮ ಓಣಿಯಲ್ಲಿ ಮಾತ್ರ ಅಂಥ ಜಾಗ ಒಂದೂ ಇಲ್ಲ. ಹತ್ತಿರದ್ದೆಂದರೆ ಊರಾಚೆಯ ಕಾಲುವೆ ಸೇತುವೆ. ಅಷ್ಟು ದೂರ ನಡೆಯುವ ಬದಲು ಗುರುತಿನ ಜಾಗವನ್ನೇ ಮನೆಗೆ ಕರೆಸಿಕೊಂಡರಾಯಿತು ಎಂದುಕೊಂಡೆ.

ಹೊಸ ಜಾಗವನ್ನು ಆಡುವವರೇ ಫೋಟೊ ಹಾಕಿ ಸೂಚಿಸಬಹುದು. ನಮ್ಮ ಮನೆಯ ಮುಂದೆ, ರಸ್ತೆಗೆ ತಾಗಿ, ಬೇವಿನ ಮರದ ಸುತ್ತ ಅಪ್ಪ ಕಟ್ಟಿಸಿದ ಕಲ್ಲಿನ ಕಟ್ಟೆಯಿದೆ. ಸಂಜೆ ಅಲ್ಲಿ ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚುವುದೇ ನನ್ನ ಪರಮಸುಖ. ಅದನ್ನೇ ಸೂಚಿಸಿದೆ. ತಿರಸ್ಕೃತವಾಗಿ ವಾಪಸು ಬಂತು. ಖಾಸಗಿ ಮನೆಯ ಜಾಗ ನಡೆಯುವುದಿಲ್ಲ, ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ನಡೆದು ಬರುವಂತಿರಬೇಕು ಎಂಬುದು ನಿಯಮವಂತೆ.

ನನಗೆ ರೇಗಿತು. ದಢೇಸುಗೂರಿನಿಂದ ಸಂತೆಗೆ ಬಂದು ದಣಿದವರು, ತುರ್ವಿಹಾಳದ ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಕೂತು ಹೋಗುವ ಕಟ್ಟೆ ಖಾಸಗಿಯೇ? ಅಪ್ಪಣೆ ಕೇಳುವವರಾದರೂ ಯಾರು ಎಂದು ಯೋಚಿಸಿದಾಗ ಸಿಕ್ಕವರು ಒಬ್ಬರೇ, ಎದುರು ಮನೆಯ ಹುಸೇನ್‌ಸಾಬರು. ಬಹಳ ಕಾಲ ಭತ್ತದ ಲಾರಿ ಓಡಿಸಿ ಈಗ ಆರಾಮಾಗಿ ಮನೆಯಲ್ಲಿರುವವರು. ದಿನಾ ಸಂಜೆ ಬಂದು, "ಕುಂದರ್ಲೇನ್ರಿ ಮಾಸ್ತರ?" ಎಂದು ಕೇಳಿ, ನಾನು ಹೂಂ ಎಂದ ಮೇಲೆಯೇ ಕಟ್ಟೆಯ ತುದಿಯಲ್ಲಿ ಕೂರುವ ಮನುಷ್ಯ.

"ಸಾಬ್ರೇ, ಇವತ್ತಿನಿಂದ ಕೇಳಬ್ಯಾಡ್ರಿ," ಎಂದೆ. "ನೀವು ಕೇಳೂದ್ರಿಂದನ ಈ ಕಟ್ಟಿ ಖಾಸಗಿ ಆಗೈತಿ. ಇದು ಎಲ್ಲಾರ್ದು, ನಂದಲ್ಲ."

"ಖರೇನ?"

"ಖರೇನ್ರಿ. ಹಂಗಂತ ಬರದು ಕಳಸಾಕತ್ತೀನಿ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ನಾಳೆ ಮನಿನೂ ಎಲ್ಲಾರ್ದು ಅಂತ ಬರದೀರಿ, ಹುಷಾರ್ರೀ!" ಎಂದಳು.

ಮೇಲ್ಮನವಿ ಬರೆದೆ. ಈ ಕಟ್ಟೆಯ ಮೇಲೆ ಯಾವ ಯಜಮಾನನಿಗೂ ಹಕ್ಕಿಲ್ಲ, ಇಲ್ಲಿ ಕೂರಲು ಯಾರೂ ಯಾರನ್ನೂ ಕೇಳುವುದಿಲ್ಲ ಎಂದು ಕನ್ನಡ ಮಾಸ್ತರನಿಗೆ ತಕ್ಕಂತೆ ಕಣ್ಣಲ್ಲಿ ನೀರು ಬರುವ ಹಾಗೆ ಬರೆದೆ. ಒಪ್ಪಿಗೆ ಬಂದೇಬಿಟ್ಟಿತು! ಮಸ್ಕಿಗೆ ಫೋನು ಮಾಡಿ ಭಾವಮೈದುನನ ಜಂಬ ಇಳಿಸಿದೆ. ಹುಸೇನ್‌ಸಾಬರಿಗೆ ನನ್ನ ಮನವಿಯನ್ನು ಓದಿ ಹೇಳಿದೆ. ಅವರ ಮುಖ ಅರಳಿತು. ನನ್ನ ಗೆಲುವಿಗೆ ಅರಳಿತು ಎಂದುಕೊಂಡೆ.

ಮರುದಿನ ಸಂಜೆ ಫೋನು ಹಿಡಿದು ಹೊರಗೆ ಬಂದರೆ ಕಟ್ಟೆಯ ತುಂಬ ಜನ. ನನ್ನ ಜಾಗದಲ್ಲಿ ಹುಸೇನ್‌ಸಾಬರು ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದ್ದರು. ಪಕ್ಕದಲ್ಲಿ ಮುಕ್ಕುಂದದಿಂದ ಬಂದ ಅವರ ಬೀಗರು, ನಡುವೆ ಬಿಸಿ ಮಿರ್ಚಿ ಭಜಿ. ನನ್ನನ್ನು ನೋಡಿ ಯಾರೂ ಸರಿಯಲಿಲ್ಲ. ನನಗೆ ಹೊಟ್ಟೆ ಉರಿಯಿತು, ಆದರೆ ಏಳಿ ಎನ್ನುವ ಹಕ್ಕನ್ನು ನಾನೇ ಬರೆದು ಕಳೆದುಕೊಂಡಿದ್ದೆ. ಸ್ವಲ್ಪ ಹೊತ್ತು ನಿಂತೆ. ಕೆಮ್ಮಿದೆ. ಕೊನೆಗೆ ಬಾಯಿಂದ ಬಂದೇಬಿಟ್ಟಿತು.

"ಕುಂದರ್ಲೇನ್ರಿ ಸಾಬ್ರೇ?"

"ಛೇ ಛೇ, ಕೇಳಬ್ಯಾಡ್ರಿ ಮಾಸ್ತರ! ನೀವು ಕೇಳಿದ್ರ ಕಟ್ಟಿ ನಂದಾಗಿಬಿಡ್ತೈತಿ," ಎಂದು ಅವರು ಗಾಬರಿಯಿಂದ ಕಟ್ಟೆಯ ತುದಿ ತೋರಿಸಿದರು.