ನಮ್ಮ ಮನೆಗೆ ಹಮ್ಮಸ್ ಬಂದದ್ದು

ನಮ್ಮ ಮನೆಯಲ್ಲಿ ಯಾವ ಹೊಸ ಅಡುಗೆ ಒಲೆ ಹತ್ತಿದರೂ ಇಳಿಯುವಷ್ಟರಲ್ಲಿ ನಗೆಪಾಟಲಾಗಿರುತ್ತದೆ. ಈ ಸಲದ ಸರದಿ ಹಮ್ಮಸ್‌ನದು.

ಗುಂಡ್ಲುಪೇಟೆಯ ಮನೆಯಲ್ಲೇ ನಾನು ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಇಲ್ಲೇ ಹತ್ತಿರ, ಕಾಡಂಚಿನ ಮದ್ದೂರಿನ ಕಡೆ ಹೋಂಸ್ಟೇ ನಡೆಸುವ ಮಲಯಾಳಿ ಮೇಡಂ ಚಟ್ನಿಪುಡಿಗೆ ಬಂದವರು, "ಹಮ್ಮಸ್, ಕುಬ್ಬೂಸ್ ಮಾಡ್ತೀರಾ? ಗೆಸ್ಟ್‌ಗಳು ಕೇಳ್ತಾರೆ. ಭಾನುವಾರ ಬಂದು ರುಚಿ ನೋಡ್ತೀನಿ. ಚೆನ್ನಾಗಿದ್ರೆ ದಿನಾ ಬೇಕು" ಅಂದರು. ಕಡಲೆಕಾಳು ರುಬ್ಬಿದ ಚಟ್ನಿ, ಅದನ್ನು ನಂಚಿಕೊಂಡು ತಿನ್ನಲು ಉಬ್ಬಿದ ರೊಟ್ಟಿ. ನನಗೆ ಗೊತ್ತಿದ್ದದ್ದು ಅಷ್ಟೇ. ಆದರೂ "ಓ, ಮಾಡ್ತೀನಿ" ಅಂದುಬಿಟ್ಟೆ. ದಿನಾ ಹೋಗುವ ಆರ್ಡರ್ ಒಂದು ಸಿಗಲಿ ಅಂತ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವಳು ನಾನು, ಬಿಡುತ್ತೇನೆಯೇ?

ಗಾರೆ

ಹಮ್ಮಸ್‌ಗೆ ಬಿಳಿ ಎಳ್ಳು ಅರೆದು ಹಾಕಬೇಕು. ಮನೆಯಲ್ಲಿದ್ದದ್ದು ಚಟ್ನಿಪುಡಿಗೆ ಹುರಿದಿಟ್ಟ ಕಪ್ಪು ಹುಚ್ಚೆಳ್ಳು. ಎಣ್ಣೆ ಬಿಡುವ ಕಾಳು ಯಾವುದಾದರೇನು ಅಂತ ಧಾರಾಳವಾಗಿ ಸುರಿದೆ. ಮಿಕ್ಸಿ ಮುಚ್ಚಳ ತೆಗೆದರೆ ಒಳಗೆ ಬೂದು ಬಣ್ಣದ ಮುದ್ದೆ.

ನಮ್ಮ ಯಜಮಾನರು ಬೆರಳಿಂದ ಒತ್ತಿ ನೋಡಿದರು. "ಏನಮ್ಮಿ, ಇದ್ನ ತಿನ್ನದಾ, ಬಚ್ಚಲ್ ಗೋಡೆ ಬಿರ್ಕಿಗೆ ಮೆತ್ತದಾ?"

"ತಿನ್ನೋದು!" ಅಂತ ರೇಗಿದೆ. ಹೆದರಿ ಒಂದು ತುತ್ತು ತಿಂದರು. ಆಮೇಲೆ ನಿಧಾನವಾಗಿ, "ಗೋಡೆಗೇ ಮೆತ್ತನ ಬುಡು" ಅಂದರು.

ಹಸುವಿನ ತೀರ್ಪು

ಮಾರನೇ ದಿನ ಮೈದಾಹಿಟ್ಟಿಗೆ ಈಸ್ಟ್ ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ, ಉಬ್ಬಲಿ ಅಂತ ಒಲೆ ಪಕ್ಕ ಇಟ್ಟೆ. ಬಿಳಿ ಎಳ್ಳು ತರಲು ಅಂಗಡಿಗೆ ಹೋಗಿ ಬಂದರೆ ಯಾರೋ ಪಾತ್ರೆ ತೊಳೆದು ಬೋರಲು ಹಾಕಿದ್ದರು.

"ಅತ್ತೆ, ಹಿಟ್ಟೆಲ್ಲಿ?"

"ಕೆಟ್ಟು ಉಬ್ಕಂಡಿತ್ತು ಕಣಮ್ಮಿ. ಕಲಗಚ್ಚಿಗೆ ಆಕ್ಬುಟ್ಟೆ."

"ಅಯ್ಯೋ, ಅದು ಉಬ್ಬಬೇಕಾದ್ದೇ ಅತ್ತೆ!"

ಹಿತ್ತಲಿಗೆ ಓಡಿದೆ. ಹಸು ಬಕೆಟ್ಟಿಗೆ ಮೂತಿ ಇಟ್ಟು, ಒಮ್ಮೆ ಮೂಸಿ, ಆಚೆ ತಿರುಗಿ ನಿಂತಿತು. ಹಿಂದೆಯೇ ಬಂದ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನೋಡ್ದಾ? ದನಕ್ಕೇ ಬ್ಯಾಡ. ಆವಮ್ಮ ಕಾಸ್ ಕೊಟ್ಟು ತಿಂದಾಳಾ?" ಅಂದರು.

ಪಕ್ಕದ ಮನೆಯ ಬಟ್ಟಲು

ಶನಿವಾರ ಹಮ್ಮಸ್ ಅಂತೂ ಬೆಳ್ಳಗೆ ಬಂತು. ಹೊರಗಿನವರ ಅಭಿಪ್ರಾಯವೂ ಇರಲಿ ಅಂತ ಪಕ್ಕದ ಮನೆಯವಳಿಗೆ ಒಂದು ಬಟ್ಟಲು ಕೊಟ್ಟೆ. ನಮ್ಮ ಬೀದಿಯಲ್ಲಿ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಸಂಜೆ ಬಟ್ಟಲು ತುಂಬ ಬಿಸಿ ಬೋಂಡಾ ಹಿಡಿದು ಬಂದಳು.

"ನೀವು ಕೊಟ್ಟ ಬೋಂಡಾ ಹಿಟ್ಟು ವಸಿ ನೀರಾಗಿತ್ತು ಕಣಕ್ಕ. ಅಕ್ಕಿಹಿಟ್ಟು, ಈರುಳ್ಳಿ ಆಕಿ ಸರಿ ಮಾಡ್ಕಂಡೆ. ಇನ್ನೊಂದ್ಸಲ ರುಬ್ವಾಗ ನೋಡ್ಕಂಡು ನೀರ್ ಬುಡಿ."

ಕೂತು ಬೋಂಡಾ ತಿಂದೆ. ಸುಳ್ಳೇಕೆ, ಹಮ್ಮಸ್‌ಗಿಂತ ಚೆನ್ನಾಗಿದ್ದವು.

ಭಾನುವಾರ

ಮೇಡಂ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ನಾನಿನ್ನೂ ಒಳಗೆ ತವಾದ ಮುಂದೆ ಕುಬ್ಬೂಸ್ ಬೇಯಿಸುತ್ತಿದ್ದೆ. ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ನಮ್ಮತ್ತೆಯ ಜಾಯಮಾನವಲ್ಲ. ಬೆಂದಿದ್ದ ಕುಬ್ಬೂಸನ್ನೂ ಹಮ್ಮಸ್ ಪಾತ್ರೆಯನ್ನೂ ಎತ್ತಿಕೊಂಡು ಹೋಗಿ ತಾವೇ ಬಡಿಸಿದರು.

ಹೊರಗೆ ಬಂದು ನೋಡಿದರೆ, ತಟ್ಟೆಯಲ್ಲಿ ಹಮ್ಮಸ್ ಗುಡ್ಡೆ, ಮುದ್ದೆಗೆ ಮಾಡುವ ಹಾಗೆ ನಡುವೆ ಒಂದು ಗುಳಿ, ಗುಳಿಯ ತುಂಬ ತುಪ್ಪ! ಮೇಡಂ ಕುಬ್ಬೂಸ್ ಮುರಿದು ಗುಳಿಗೆ ಅದ್ದಿ ತಿಂದರು. ಮತ್ತೆ ಮುರಿದರು. ಈ ತುಪ್ಪದಿಂದ ಆರ್ಡರ್ ಕೈತಪ್ಪಿತು ಅಂತ ನನಗೆ ಅಳುವೇ ಬಂತು.

"ಈ ಗುಳಿ ಮಾಡೋದು ಯಾರು ಹೇಳಿಕೊಟ್ಟಿದ್ದು?" ಮೇಡಂ ಕೇಳಿದರು.

"ಯೋಳ್ಕೊಡದೇನವ್ವ? ಗುಳಿ ಮಾಡ್ದೆ ಬುಟ್ರೆ ತುಪ್ಪ ಅರ್ದೋಗಲ್ವಾ?" ಅಂದರು ಅತ್ತೆ.

ಮೇಡಂ ಜೋರಾಗಿ ನಕ್ಕರು. "ಗಲ್ಫಲ್ಲಿ ಇದ್ದಾಗ ಹೀಗೇ ತಿಂತಿದ್ದೆ. ಅಲ್ಲಿ ಆಲಿವ್ ಎಣ್ಣೆ ಬಿಡ್ತಾರೆ, ಅಷ್ಟೇ. ತುಪ್ಪಾನೇ ಇರ್ಲಿ. ನಾಳೆಯಿಂದ ಕಳಿಸಿ."

ಕಾರು ತಿರುವು ದಾಟುವವರೆಗೂ ತಡೆದುಕೊಂಡು, ಆಮೇಲೆ ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ. ಅಷ್ಟು ಖುಷಿ ನನಗೆ! ಅತ್ತೆ ಮಾತ್ರ ಕಾರು ಹೋದ ದಿಕ್ಕನ್ನೇ ನೋಡುತ್ತಾ ಲೊಚಗುಟ್ಟಿದರು.

"ಪಾಪ ಕಣಮ್ಮಿ, ಅಷ್ಟ್ ದೊಡ್ ಕಾರಲ್ ಬಂದ್ಬುಟ್ಟು ಬರೀ ಚಟ್ನೀಲೇ ಒಟ್ಟೆ ತುಂಬುಸ್ಕಂಡೋದ್ಲು. ಮನೇಲಿ ಸಾರು ಮಾಡೋರಿಲ್ವೇನೋ. ನಾಳಿಕ್ಕೆ ಒಂದ್ ಡಬ್ಬಿ ಉಪ್ಸಾರೂ ಕಳ್ಸು."