ಗುತ್ತೆಪ್ಪನ ಹೆಬ್ಬೆಟ್ಟು

ಗುತ್ತೆಪ್ಪನ ಬಲಗೈ ಹೆಬ್ಬೆಟ್ಟನ್ನು ಕುಯ್ದದ್ದು ಅವನದೇ ಬುತ್ತಿ ಡಬ್ಬಿಯ ಮುಚ್ಚಳ. ಗಾಯ ಗುಲಗಂಜಿಯಷ್ಟು. ಆದರೆ ಅವನ ಆಸ್ಪತ್ರೆಯಲ್ಲಿ ಹಾಜರಿ ಬೀಳುವುದು ಹೆಬ್ಬೆಟ್ಟೊತ್ತುವ ಮೆಷೀನಿನಲ್ಲಿ, ಅದಕ್ಕೆ ಗುರುತಿದ್ದದ್ದು ಆ ಬೆರಳೊಂದೇ. ಇನ್ನೊಂದು ಸಲ ತಡವಾದರೆ ಕೆಲಸ ಬಿಟ್ಟಂತೆಯೇ ಎಂದು ಮ್ಯಾನೇಜರು ನಿನ್ನೆಯಷ್ಟೇ ಗದರಿದ್ದರು.

ಗುತ್ತೆಪ್ಪ ಅಲ್ಲಿ ರಾತ್ರಿ ಪಾಳಿಯ ಡ್ರೆಸ್ಸರು. ಊರವರ ಗಾಯಕ್ಕೆಲ್ಲ ಪಟ್ಟಿ ಕಟ್ಟುವವನು, ತನ್ನದನ್ನು ಅಲ್ಲೇ ಹೋಗಿ ಕಟ್ಟಿಕೊಂಡರಾಯಿತೆಂದು ಬೆರಳು ಮೇಲೆತ್ತಿಕೊಂಡು ವಿನೋಬನಗರದ ಮನೆಯಿಂದ ಬೇಗನೆ ನಡೆದು ಹೊರಟ.

ಎತ್ತಿದ ಬೆರಳೇ ಮುಳುವಾಯಿತು. ಓಣಿ ದಾಟುವ ಮೊದಲೇ ಪಕ್ಕದ ಮನೆಯ ಉಚ್ಚೆಂಗೆಮ್ಮ ಅಡ್ಡ ಹಾಕಿದಳು. ಡ್ಯೂಟಿಗೆ ಹೊತ್ತಾಯಿತು, ಬೇಡವೆಂದ. ಹಿರಿಯರ ಮುಂದೆ ಅವನ ‘ಬೇಡ’ ಯಾವತ್ತೂ ನಡೆದದ್ದಿಲ್ಲ.

“ಸುಮ್ಕಿರೋ. ನಿಮ್ ಆಸ್ಪತ್ರೆ ಇಲ್ದಾಗ ಮಂದಿ ಬದುಕಿರ್ಲಿಲ್ಲೇನು?” ಎನ್ನುತ್ತ ಮುಷ್ಟಿ ಅರಿಶಿನ ಮೆತ್ತಿದಳು. ಪಕ್ಕದ ಮನೆಯ ಡ್ರೆಸ್ಸರೆಂದರೆ ಹಿತ್ತಲ ಗಿಡ, ಮದ್ದಲ್ಲ ನೋಡಿ.

ಮಂಡಿಪೇಟೆಯ ಕಿರಾಣಿ ಅಂಗಡಿ ಕರಿಯಣ್ಣ, ಬರೀ ಅರಿಶಿನದಿಂದ ಏನಾಗುತ್ತದೆಂದು ನಕ್ಕು ಕಾಫಿಪುಡಿ ಉದುರಿಸಿದ. ಮುಂದಿನ ತಿರುವಿನಲ್ಲಿ ಮಿರ್ಚಿ ಕರಿಯುತ್ತಿದ್ದ ಮಸ್ತಾನಸಾಬ್ ಅವರಿಬ್ಬರನ್ನೂ ಬೈದು, ತನ್ನ ಎಲೆಯಡಿಕೆ ಸಂಚಿಯ ಸುಣ್ಣ ಬಳಿದು, ಹೆಗಲ ಮೇಲಿನ ವಲ್ಲಿಯ ಅಂಚು ಹರಿದು ಬಿಗಿದ. ಗುತ್ತೆಪ್ಪನ ಕಣ್ಣಲ್ಲಿ ನೀರು ಬಂತು.

“ಉರೀತೈತಾ? ಹಂಗಾದ್ರೆ ವಾಸಿ ಆಗ್ತೈತೆ ಬಿಡು.”

ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂಬುದು ಆರತಿ ನೀರು ಕಲಸುವ ಮಕ್ಕಳಿಗೂ ಗೊತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬಟ್ಟೆ ಕೆಂಪಗೆ ತೊಯ್ದಿತ್ತು. ರಕ್ತ, ರಕ್ತ ಎಂದು ಜನ ಮುತ್ತಿದರು. ಅವನು ಏನು ಹೇಳಿದರೂ ಕೇಳದೆ ಆಟೋಗೆ ಎತ್ತಿ ಹಾಕಿದರು. ಆಟೋ ಸೀದಾ ಅವನ ಆಸ್ಪತ್ರೆಯ ಮುಂದೆಯೇ ನಿಂತಿತು, ಅದೂ ಹೊತ್ತಿಗೆ ಮುಂಚೆ. ದೇವರು ಕಣ್ಣು ಬಿಟ್ಟ ಎಂದುಕೊಂಡ ಗುತ್ತೆಪ್ಪ.

ಬಟ್ಟೆ ಬಿಚ್ಚಿ, ಬೆರಳು ಒರೆಸಿ ಮೆಷೀನಿಗೆ ಒತ್ತಿದ. ಸುಣ್ಣ ತಿಂದ ಬೆರಳನ್ನು ಅದು ಒಪ್ಪಲಿಲ್ಲ. ಮತ್ತೆ ಒತ್ತಿದ, ಉಜ್ಜಿ ಒತ್ತಿದ, ಕೈ ಮುಗಿದೂ ಒತ್ತಿದ. ಅಷ್ಟರಲ್ಲಿ ಬಂದ ಸಿಸ್ಟರು ಸುನೀತಾ, ಹರಿಹರದವಳು, ಅಂದೇ ಕೆಲಸಕ್ಕೆ ಸೇರಿದವಳು. ಅವನ ಗುರುತಿನ ಕಾರ್ಡು, ಡ್ಯೂಟಿ ಅಂಗಿ ಎಲ್ಲ ಒಳಗಿನ ಕಪಾಟಿನಲ್ಲಿದ್ದವು.

“ನಾನು ಇಲ್ಲಿನ ಡ್ರೆಸ್ಸರ್ ರೀ ಸಿಸ್ಟರ್,” ಎಂದ ಗುತ್ತೆಪ್ಪ ಅಳುವ ದನಿಯಲ್ಲಿ.

ಅವಳು ಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು. “ಡ್ರೆಸ್ಸರ್ ಆದೋರು ಯಾರಾದ್ರೂ ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ಕೊಂಡು ಬರ್ತಾರೇನ್ರಿ?”

ಅವಳು ಅವನ ಹೆಸರಿಗೆ ಚೀಟಿ ಮಾಡಿಸಿ, ರೋಗಿಗಳ ಬೆಂಚಿನಲ್ಲಿ ಕೂರಿಸಿದಳು. ಗೋಡೆ ಗಡಿಯಾರದಲ್ಲಿ ಪಾಳಿಯ ಹೊತ್ತು ಮೀರಿತು. ಕೆಲಸ ಹೋಯಿತು, ಬೆರಳಾದರೂ ಉಳಿಯಲಿ ಎಂದುಕೊಂಡು, ಪಟ್ಟಿ ಯಾವಾಗ ಕಟ್ಟುತ್ತೀರಿ ಎಂದು ಕೇಳಿದ.

“ಸ್ವಲ್ಪ ತಡೀರಿ,” ಎಂದಳು ಸುನೀತಾ. “ಡ್ರೆಸ್ಸರ್ ಇನ್ನೂ ಬಂದಿಲ್ಲ.”

ಗುತ್ತೆಪ್ಪ ಬಾಗಿಲ ಕಡೆ ನೋಡುತ್ತ ಕಾಯತೊಡಗಿದ.