ಅತ್ತೆಯ ಬಿಳಿ ಒಂದು, ನನ್ನ ಟ್ರಂಪೆಟ್ಟು

ಗುಂಡಿ ಕಡಿಮೆಯಿದ್ದಷ್ಟೂ ಕೆಲಸ ಸುಲಭ ಎಂದು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬಳು. ಟ್ರಂಪೆಟ್ಟಿಗೆ ಇರುವುದು ಮೂರೇ ಗುಂಡಿ, ಏನು ಮಹಾ ಅಂದುಕೊಂಡೆ. ಬನಹಟ್ಟಿಯ ನಮ್ಮ ಮಾವನವರು ನಲವತ್ತು ವರ್ಷ ಬ್ಯಾಂಡಿನಲ್ಲಿ ಅದನ್ನು ಊದಿದವರು. ಮುಂದಿನ ಹಲ್ಲು ಬಿದ್ದ ಮೇಲೆ ತುಟಿಗೆ ಆಸರೆ ತಪ್ಪಿತು. ಊದುವುದು ನಿಂತಿತು, ಮಾತೂ ಕಡಿಮೆಯಾಯಿತು. ಒಂದು ದಿನ ಅದನ್ನು ಒರೆಸುತ್ತ, “ಮನ್ಯಾಗ ಊದವ್ರ ಇಲ್ಲಂದ್ರ ಇಟ್ಕೊಂಡ ಏನ ಮಾಡೂದು? ಯುಗಾದಿ ಆದಮ್ಯಾಲ ಮುಧೋಳದ ಬ್ಯಾಂಡಿನವ್ರಿಗೆ ಕೊಟ್ಟಬಿಡ್ತೇನಿ” ಎಂದರು. ಅವರ ಮುಖ ನೋಡಲಾಗಲಿಲ್ಲ. “ನಾ ಕಲೀತೇನ್ರಿ ಮಾವಾರ” ಎಂದುಬಿಟ್ಟೆ. ಬಾಯಿ ನನ್ನದೇ ಆದರೂ ಅದು ನನ್ನ ಹತೋಟಿಯಲ್ಲಿದ್ದದ್ದು ಕಡಿಮೆ.

‘ಸ’ಗೆ ಯಾವ ಗುಂಡಿಯೂ ಬೇಡ. ‘ರಿ’ಗೆ ಒಂದು ಮತ್ತು ಮೂರು, ‘ಗ’ಗೆ ಒಂದು ಮತ್ತು ಎರಡು, ‘ಮ’ಗೆ ಒಂದೇ. ಇಷ್ಟನ್ನು ಲಟ್ಟಣಿಗೆಯ ಮೇಲೆ ಬೆರಳಾಡಿಸಿ ಬಾಯಿಪಾಠ ಮಾಡಿದೆ. ‘ಪ’ ಬಂದಾಗ ಮತ್ತೆ ಎಲ್ಲ ಬೆರಳೂ ಎತ್ತು ಎಂದರು ಮಾವ! “ಹಂಗಾರ ಎರಡಕ್ಕೂ ಫರಕ ಏನ್ರಿ?” ಎಂದೆ. “ತುಟಿ ಬಿಗಿ ಮಾಡವ್ವಾ. ಬೆರಳಿಂದ ಅರ್ಧಾ ಕೆಲಸಾ, ತುಟೀದ ಅರ್ಧಾ.” ಬಿಗಿ ಮಾಡಿ ಊದಿದರೆ ಎಮ್ಮೆ ಕರುವನ್ನು ಕರೆದಂಥ ಸದ್ದು. ಓಣಿಯ ತುಂಬ ಮಗ್ಗಗಳ ಖಟಖಟವಿದ್ದದ್ದರಿಂದ ಮಾನ ಉಳಿಯಿತು. ಕರೆಂಟು ಹೋದಾಗ ಮಾತ್ರ ಊದುತ್ತಿರಲಿಲ್ಲ.

ಹಾಗೂ ಹೀಗೂ ಒಂದು ಹಾಡು ಬಂತು. ಯುಗಾದಿಗೆ ಅದನ್ನು ನುಡಿಸುವುದೆಂದಾಯಿತು, ಜೊತೆಗೆ ಅತ್ತೆಯವರ ಹಾರ್ಮೋನಿಯಂ. ಭಜನೆಯಲ್ಲಿ ಅವರು ಪೆಟ್ಟಿಗೆಯ ‘ಬಿಳಿ ಒಂದು’ ಎಂಬ ಬಿಳಿ ಮನೆಯನ್ನೇ ‘ಸ’ ಎಂದು ಹಿಡಿದು ಕೂತರೆ ಕದಲುವವರಲ್ಲ. ಟ್ರಂಪೆಟ್ಟಿನ ‘ಸ’ ಅದಕ್ಕಿಂತ ಒಂದು ಸ್ವರ ಕೆಳಗೆ. ಅಂದರೆ ನಾನು ಒಂದು ಸ್ವರ ಏರಬೇಕು, ಇಲ್ಲವೇ ಅವರು ಇಳಿಯಬೇಕು. “ನಲವತ್ತ ವರ್ಷ ನನ್ನ ಸಲುವಾಗಿ ಇಳೀಲಿಲ್ಲಾಕಿ” ಎಂದರು ಮಾವ. ಸರಿ, ಸೊಸೆಯೇ ಏರಬೇಕು ಎಂದು ಕಲಿತ ಬೆರಳುಗಳನ್ನೆಲ್ಲ ಮರೆತು ವಾರಗಟ್ಟಲೆ ಹೊಸದಾಗಿ ಕಲಿತೆ.

ಯುಗಾದಿಯ ಸಂಜೆ ಮೂವರೂ ಪಡಸಾಲೆಯಲ್ಲಿ ಕೂತೆವು. ಊದಿದ ಕೂಡಲೇ ಮಾವನವರ ಮುಖ ಕಿವುಚಿತು. ಅಪಸ್ವರ! “ನಿನಗ ತ್ರಾಸ ಆಗಬಾರ್ದಂತ ನಾ ಇಳದೇನಿ” ಎಂದರು ಅತ್ತೆ. “ನಿಮಗ ತ್ರಾಸ ಆಗಬಾರ್ದಂತ ನಾ ಏರೇನ್ರಿ” ಎಂದೆ. ಎರಡನೆಯ ಸಲ ಅವರು ಏರಿದರು, ನಾನು ಇಳಿದೆ. ಮತ್ತೆ ಅದೇ ಗತಿ. “ಒಬ್ಬರರೆ ನಿಂತಲ್ಲೆ ನಿಲ್ರಿ!” ಎಂದು ಮಾವ ಗದರಿದರು. ಆ ಟ್ರಂಪೆಟ್ಟು ಹೊಸ್ತಿಲು ದಾಟುವುದೇ ಕಣ್ಣಿಗೆ ಕಟ್ಟಿ, “ನಾ ನಿಲ್ತೇನಿ ಅತ್ಯಾರ, ನೀವ ನನ್ನ ಸ್ವರಕ್ಕ ಬರ್ರಿ” ಎಂದೆ. ಹನ್ನೊಂದು ವರ್ಷದಲ್ಲಿ ಅತ್ತೆಗೆ ನಾನು ಮಾಡಿದ ಮೊದಲ ಅಪ್ಪಣೆ.

ಹಾಡು ಕೊನೆಯವರೆಗೂ ಹೋಯಿತು. ಮಾವ ಕಣ್ಣೊರೆಸಿಕೊಂಡು, “ಮುಧೋಳದವ್ರು ಬ್ಯಾರೇದ ತೊಗೋಳ್ಳಿ, ಇದು ಮನ್ಯಾಗ ಇರ್ಲಿ” ಎಂದರು. ಹಿಗ್ಗಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿತ್ತಲಿಗೆ ಓಡಿ ಗಲಗಲಿಯ ತವರಿಗೆ ಫೋನು ಮಾಡಿ, “ಅತ್ಯಾರ ನನ್ನ ಸ್ವರಕ್ಕ ಬಂದ್ರು!” ಎಂದು ಸಾರಿದೆ. ಮರಳಿ ಬಂದು ಹಾರ್ಮೋನಿಯಂ ಎತ್ತಿಡಲು ಹೋದರೆ, ಗಾಳಿ ಹಾಕುವ ಹಲಗೆಗೆ ಆಗಲೇ ಕೊಂಡಿ ಬಿದ್ದಿತ್ತು.

“ಇದನ್ನ ಯಾವಾಗ ಹಾಕಿದ್ರಿ ಅತ್ಯಾರ?”

“ನೀ ನಿಲ್ತೇನಿ ಅಂದ್ಯಲ್ಲ, ಆವಾಗ. ಗಾಳೀನ ಹಾಕಿಲ್ಲ, ಸುಮ್ನ ಬೆರಳಷ್ಟ ಆಡ್ಸೇನಿ” ಎಂದರು ಮೆಲ್ಲಗೆ. “ಯಾರ ಮುಂದೂ ಹೇಳಬ್ಯಾಡ.”

ಹೇಳಲಿಲ್ಲ. ತವರಿಗೆ ಇನ್ನೊಂದು ಫೋನು ಮಾಡುವ ಮುಖವಾದರೂ ನನಗೆಲ್ಲಿತ್ತು?